ಗೇರ್‌ಬಾಕ್ಸಿನೊಳಗಿನ ಮೆಹಮಾನ

ಧಬ್.

ದಪ್ಪ ಡಿಕ್ಷನರಿಯೊಂದನ್ನು ಯಾರೋ ಮೇಜಿನ ಮೇಲೆ ಮುಚ್ಚಿಟ್ಟ ಹಾಗಿನ ಶಬ್ದ. ಹುಮನಾಬಾದಿನ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮಿಸ್ತ್ರಿ ನನ್ನ ಟ್ರಕ್ಕಿನ ಗೇರ್‌ಬಾಕ್ಸಿನ ಒಂದು ಸಣ್ಣ ತೂತಿಗೆ ಗಾಳಿಯ ಪೈಪು ಹಿಡಿದು ಒತ್ತುತ್ತಿದ್ದರು. ಒಳಗಿನ ಪ್ಲೇಟುಗಳೆಲ್ಲ ಬರಾಬರ್ ಒಂದನ್ನೊಂದು ಅಪ್ಪಿ ಕೂತರೆ ಧಬ್. ಎಲ್ಲೋ ಒಂದು ರಬ್ಬರ್ ರಿಂಗು ಸೋರಿದರೆ ಸುಸ್ಸ್. ಸುಸ್ಸ್ ಅಂದರೆ ಮತ್ತೆ ಎಲ್ಲ ಬಿಚ್ಚಬೇಕು. ಆ ವರ್ಷ ನಾಲ್ಕು ತಿಂಗಳು ನಾನು ಕೇಳಿದ್ದು ಹೆಚ್ಚಾಗಿ ಸುಸ್ಸ್.

ಹೋದ ತಿಂಗಳು ಅವರ ಫೋನಿಗೆ ಮಾಡಿದೆ. ಮೊದಲೆಲ್ಲ ಹತ್ತು ಸಲ ಮಾಡಿದರೆ ಒಮ್ಮೆ ಎತ್ತುತ್ತಿದ್ದ ಆಸಾಮಿ. ಈ ಸಲ ಒಂದೇ ರಿಂಗಿಗೆ ಎತ್ತಿದಾಗಲೇ ನನಗೆ ಅನುಮಾನ ಬಂತು. ಎತ್ತಿದ್ದು ಅವರ ಸೊಸೆ.

"ಮಾವಾರು ಹೋಗಿ ಇಪ್ಪತ್ತ ದಿನಾ ಆತ್ರಿ. ನೀವು ಯಾರ್ರಿ?"

ನಾನು ಯಾರು ಅಂತ ಹೇಳಲಿ? ಗಿರಾಕಿ ಅನ್ನಲೇ? "ಕಲ್ಯಾಣದಾಕಿ. ಆಟೋಮ್ಯಾಟಿಕ್ ಗಾಡಿ ಟೀಚರ್," ಅಂದೆ.

"ಓಹ್, ಜಗಳಾ ಮಾಡೂ ಬಾಯಾರೇನ್ರಿ!" ಅಂದಳು ಆ ಹುಡುಗಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಿರಬೇಕು. ನನಗೆ ಸಿಟ್ಟು ಬರಲಿಲ್ಲ. ಒಂದು ಮನೆಯಲ್ಲಿ ನನಗೊಂದು ಹೆಸರಿತ್ತಲ್ಲ ಅಂತ ಅನ್ನಿಸಿತು, ಅಷ್ಟೇ.

ನನ್ನ ಎಡಗಾಲು ಮೂರನೆಯ ವಯಸ್ಸಿನಲ್ಲೇ ಪೋಲಿಯೋ ಪಾಲಾಯಿತು. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳು ನನ್ನನ್ನು "ಪೂರ್ ಚೈಲ್ಡ್" ಅಂತ ಕರೆದು ಆಟದ ಪೀರಿಯಡ್ಡಿನಲ್ಲಿ ಲೈಬ್ರರಿಗೆ ಕಳಿಸುತ್ತಿದ್ದರು. ಇಂಗ್ಲಿಷ್ ಬಂದದ್ದು ಹಾಗೆ. ಆಮೇಲೆ ಬಸವಕಲ್ಯಾಣದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಕರೆದುಕೊಂಡು ಹೋಗಬೇಕು, ಕರೆದುಕೊಂಡು ಬರಬೇಕು. ಹೀಗಿರುವಾಗ ನನ್ನ ಅಣ್ಣ, ರಸ್ತೆ ಕಂತ್ರಾಟು ಮಾಡುತ್ತಿದ್ದವನು, ಹೆದ್ದಾರಿ ಕೆಲಸ ಮುಗಿಸಿ ಹೊರಟ ವಿದೇಶಿ ಕಂಪನಿಯ ಹರಾಜಿನಲ್ಲಿ ಒಂದು ಹಳೇ ಟ್ರಕ್ಕು ಹಿಡಿದು ತಂದ. ಮುಂದೆ ಇಬ್ಬರು ಕೂಡುವ ಕ್ಯಾಬಿನ್ನು, ಹಿಂದೆ ಉದ್ದನೆಯ ತೊಟ್ಟಿ. "ಆಟೋಮ್ಯಾಟಿಕ್ ಅದ ತಂಗೀ. ಕ್ಲಚ್ಚೇ ಇಲ್ಲ. ನಿನ್ನ ಎಡಗಾಲಿಗೆ ಸೂಟಿ ಕೊಡು," ಅಂದ. ನನಗಾಗ ಐವತ್ತು ದಾಟಿತ್ತು. ಅವನೇ ಡ್ರೈವಿಂಗ್ ಕಲಿಸಿದ. ನಾರಾಯಣಪುರದ ಹತ್ತಿರ ನನ್ನ ಪಾಲಿಗೆ ಬಂದ ಹೊಲದಲ್ಲಿ ಪೇರಲ ಗಿಡ ಹಾಕಿಸಿದೆ. ಮುಂಜಾನೆ ಚಹಾ ಕುಡಿದು, ಯಾರನ್ನೂ ಕೇಳದೆ, ಕೀಲಿ ತಿರುಗಿಸಿ ನನ್ನ ಹೊಲಕ್ಕೆ ನಾನೇ ಹೋಗುವುದು. ಅಣ್ಣ ಹೋದ ಮೇಲೂ ಅದೊಂದು ಉಳಿದಿತ್ತು.

ಎಂಟು ವರ್ಷದ ಹಿಂದೆ, ಗಣೇಶನ ಹಬ್ಬದ ಮರುದಿನ, ಹೊಲದಿಂದ ಬರುವಾಗ ಗಾಡಿ ನಿಂತಿತು. ಎಂಜಿನ್ನು ಓಡುತ್ತಿದೆ, ಆಕ್ಸಿಲರೇಟರ್ ಒತ್ತಿದರೆ ಕೂಗುತ್ತಿದೆ, ಗಾಲಿ ಮಾತ್ರ ಅಲುಗುತ್ತಿಲ್ಲ. ಕಲ್ಯಾಣದ ಗ್ಯಾರೇಜಿನವರು ಒಬ್ಬರಾದ ಮೇಲೊಬ್ಬರು ಬಂದು ನೋಡಿ, ಕ್ಲಚ್ ಪೆಡಲ್ ಎಲ್ಲಿ ಅಂತ ಹುಡುಕಿ, ಕೈಮುಗಿದು ಹೋದರು. ನನ್ನ ತಮ್ಮ ಅಂದ, "ಅಕ್ಕಾ, ಸಾಕು ಮಾಡು. ಗಾಡಿ ಗುಜರಿಗೆ ಹಾಕು. ಹೊಲಾ ಲೀಸಿಗೆ ಕೊಡೂಣು. ಸಂಕ್ರಾಂತಿ ತನಕ ನೋಡತೀನಿ, ಆಮ್ಯಾಲ ನಾನು ಯಾರನರೆ ಗೊತ್ತು ಮಾಡಾಂವನೇ." ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಪೂರ್ ಚೈಲ್ಡ್‌ಗೆ ಮತ್ತೆ ಲೈಬ್ರರಿ.

ಹುಮನಾಬಾದಿನಲ್ಲಿ ಒಬ್ಬರಿದ್ದಾರೆ, ಮೊದಲು ಗಲ್ಫಿನಲ್ಲಿ ಇಂಥದೇ ಗಾಡಿ ಬಿಚ್ಚಿದವರು ಅಂತ ಯಾರೋ ಹೇಳಿದರು. ಟ್ರಕ್ಕನ್ನು ಇನ್ನೊಂದು ಲಾರಿಯ ಹಿಂದೆ ಕಟ್ಟಿಸಿಕೊಂಡು ಹೋದೆ.

ತೆಳ್ಳಗೆ, ಉದ್ದಕ್ಕೆ, ತಲೆಗೊಂದು ಟವೆಲ್ ಸುತ್ತಿದ ಮನುಷ್ಯ. ಬಂದವರು ಬಾನೆಟ್ ಎತ್ತಲಿಲ್ಲ, ನನ್ನನ್ನು ಏನೂ ಕೇಳಲೂ ಇಲ್ಲ. ಗೇರ್ ಎಣ್ಣೆಯ ಕಡ್ಡಿ ಎಳೆದು ಮೂಗಿಗೆ ಹಿಡಿದರು.

"ಸುಟ್ಟ ಶೇಂಗಾ," ಅಂದರು. "ಒಳಗ ಕಲಚ್ ಹೋಗ್ಯಾವ್ರಿ ಬಾಯಾರ."

"ಕಲಚ್ ಅಲ್ಲ, ಕ್ಲಚ್. ಮತ್ತ ಈ ಗಾಡಿಗೆ ಕ್ಲಚ್ಚೇ ಇಲ್ಲ. ಇದು ಆಟೋಮ್ಯಾಟಿಕ್," ಅಂದೆ, ಕ್ಲಾಸಿನ ದನಿಯಲ್ಲಿ.

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು, ಮುಚ್ಚುಮರೆಯಿಲ್ಲದೆ, ಒಂದು ಪಾರ್ಟು ನೋಡಿದ ಹಾಗೆ. "ಒಂದಲ್ರಿ, ನಾಲ್ಕ ಅದಾವ. ನಿಮ್ಮ ಕಾಲ ಮಾಡೂ ಕೆಲಸಾ ಒಳಗ ಅವು ಮಾಡಾಕತ್ತಾವ. ಇಷ್ಟ ವರ್ಷ ದುಡದಾವ, ಪಾಪ. ನಿಮಗ ಖಬರಿಲ್ಲ."

ನನ್ನ ಕಾಲಿನ ವಿಷಯವನ್ನು ಅಷ್ಟು ಸರಳವಾಗಿ ಯಾರೂ ಹೇಳಿದ್ದಿಲ್ಲ. ಗಾಡಿ ಬಿಟ್ಟು ಬಂದೆ.

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತೂ ಬುಡದ ತನಕ ಕತ್ತರಿಸಿದವು. ಮೊದಲು ನನಗದು ಅಸಹ್ಯವೇ ಆಗಿತ್ತು. ಅದು ಅವರ ಗೇಜು, ಅಳತೆಗೋಲು. ಪ್ಲೇಟುಗಳನ್ನು ಹಿಡಿಯುವ ಸವೆದ ಡ್ರಮ್ಮಿನ ಒಳಮೈ ಮೇಲೆ ಆ ಉಗುರನ್ನು ನಿಧಾನಕ್ಕೆ ಎಳೆಯುವರು. ಎಲ್ಲಾದರೂ ಸಿಕ್ಕಿಕೊಂಡರೆ ಆ ಡ್ರಮ್ಮು ಹೊರಗೆ. ಜಾರಿದರೆ ಒಳಗೆ, ಎಷ್ಟೇ ಹಳೆಯದಿರಲಿ. ಕನ್ನಡಕ ಹಾಕಿಕೊಂಡು ನಾನು ಎಷ್ಟು ನೋಡಿದರೂ ಕಾಣದ ಗೀರು ಅವರ ಉಗುರಿಗೆ ಸಿಗುತ್ತಿತ್ತು.

ಒಂದು ಹಳೆಯ ಬಾಗಿಲನ್ನು ಕಲ್ಲಿನ ಮೇಲೆ ಅಡ್ಡ ಹಾಕಿ ಅದರ ಮೇಲೆ ಪಾರ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿದ್ದರು. ಅವರ ಲೆಕ್ಕದಲ್ಲಿ ಪಾರ್ಟುಗಳಲ್ಲಿ ಮೂರು ಜಾತಿ. ಗಾಡಿಯ ಜೊತೆಗೇ ಬಂದು, ಸವೆದರೂ ನಡೆಯುವವು ಮನಿಯವರು. ಹೊರಗಿಂದ ಬಂದ ಹೊಸಾ ಪಾರ್ಟು ಅಳಿಯ.

"ಅಳಿಯ ಯಾಕ?" ಅಂದೆ.

"ಮಿಂಚತಾನ. ಬಂದಕೂಡಲೇ ಮನಿಯವರೆಲ್ಲಾ ಸರದು ಜಾಗಾ ಕೊಡಬೇಕು. ಕೆಲಸಾ ಏನ್ ಮಾಡತಾನ ಅನ್ನೂದು ಆಮ್ಯಾಲ ತಿಳಿತದ."

ಅವರಿಗೆ ಮೂರು ಜನ ಅಳಿಯಂದಿರು ಅಂತ ಆಮೇಲೆ ಗೊತ್ತಾಯಿತು.

ಮೂರನೆಯದು ಮೆಹಮಾನ, ಅಂದರೆ ಅತಿಥಿ. ಸರಿಯಾದ ಪಾರ್ಟು ಸಿಗುವ ತನಕ ಆ ಜಾಗದಲ್ಲಿ ಕೂಡಿಸಿದ್ದು. "ಮೆಹಮಾನಗ ಮರ್ಯಾದಿ ಕೊಡಬೇಕು. ಖರೆ, ಅಂವಾ ಹೋಗಾಂವ ಅಂಬೂದು ಮರೀಬಾರದು," ಅನ್ನುತ್ತಿದ್ದರು.

ಇವೆಲ್ಲ ಈಗ ಬರೆಯಲು ಚೆಂದ. ಆಗ ನನ್ನ ಬಿ.ಪಿ. ಏರುತ್ತಿತ್ತು. ಕಲ್ಯಾಣದಿಂದ ಬಸ್ಸು, ಬಸ್ಸಿನಲ್ಲಿ ಸೀಟಿಲ್ಲ, ಇಳಿದು ಆ ಶೆಡ್ಡಿನ ತನಕ ಕೋಲು ಊರಿಕೊಂಡು ನಡೆಯುವುದು. ಹೋದರೆ ಅದೇ ಬಾಗಿಲು, ಅವೇ ಪಾರ್ಟು. "ಯಾವಾಗ ಆಗ್ತದ ಮಿಸ್ತ್ರಿ?" ಅಂದರೆ "ನೋಡೂಣ್ರಿ." "ಒಂದ್ ಡೇಟ್ ಹೇಳ್ರಿ." "ಡೇಟ್ ನಾ ಹ್ಯಾಂಗ ಹೇಳಲಿ? ಸಾಮಾನು ಹೇಳಬೇಕು." ಹೈದರಾಬಾದಿನ ಗುಜರಿಗೆ ಹೋಗಿ ಎರಡು ದಿನ ಅಲೆದು ಬರಿಗೈಯಲ್ಲಿ ಬರುವರು. ತಂದರೂ, ತಂದದ್ದನ್ನು ಉಗುರಿನಿಂದ ಗೀರಿ ಮತ್ತೆ ಬೇಡ ಅನ್ನುವರು. ದಸರೆ ಹೋಯಿತು, ದೀಪಾವಳಿ ಹೋಯಿತು. ಪೇರಲ ಬಲಿಯತೊಡಗಿತ್ತು. ವಾರಕ್ಕೊಮ್ಮೆ ತಮ್ಮ ನನ್ನನ್ನು ತನ್ನ ಕಾರಿನಲ್ಲಿ ಹೊಲಕ್ಕೆ ಕರೆದೊಯ್ದು, ಕಾರಿನಿಂದಲೇ ತೋರಿಸಿ, ವಾಪಸ್ ತರುತ್ತಿದ್ದ. ಮ್ಯೂಸಿಯಂ ತೋರಿಸಿದ ಹಾಗೆ.

ಆಗ ನಾನೊಂದು ತಪ್ಪು ಮಾಡಿದೆ. ಇಂಗ್ಲಿಷ್ ಓದಿದವರಷ್ಟೇ ಮಾಡಬಹುದಾದ ತಪ್ಪು.

ಅವರು ಮೊದಲ ವಾರವೇ ಗೇರ್‌ಬಾಕ್ಸಿನ ಕೆಳಗಿನ ತಟ್ಟೆ ಬಿಚ್ಚಿ, ಅದರ ಮೇಲೆ ಒಂದು ಹಳೆಯ ಪೇಪರು ಹರಡಿ, ಎಣ್ಣೆಗೈಯಿಂದ ಅಂಚು ತಿಕ್ಕಿ, ತಟ್ಟೆಯ ಆಕಾರವನ್ನೂ ಬೋಲ್ಟಿನ ತೂತುಗಳನ್ನೂ ಕಾಗದಕ್ಕೆ ಇಳಿಸಿಕೊಂಡಿದ್ದರು. ಗುಜರಿಗೆ ಹೋಗುವಾಗ ಆ ಪೇಪರನ್ನೇ ಮಡಚಿ ಕಿಸೆಯಲ್ಲಿಟ್ಟುಕೊಳ್ಳುವರು. ನನಗೆ ಇದು ಶುದ್ಧ ಹುಂಬತನ ಅನ್ನಿಸಿತು. ಗಾಡಿಯ ಬಾಗಿಲ ಚೌಕಟ್ಟಿನ ಮೇಲೆ ಒಂದು ಲೋಹದ ಪಟ್ಟಿ ಇದೆ, ಅದರ ಮೇಲೆ ಮಾಡೆಲ್ಲು, ವರ್ಷ, ಟ್ರಾನ್ಸ್‌ಮಿಷನ್ ಕೋಡು ಎಲ್ಲ ಇಂಗ್ಲಿಷಿನಲ್ಲಿ ಅಚ್ಚೊತ್ತಿದೆ. ಓದಲು ಬರುವವರು ಇರುವಾಗ ಕಾಗದ ತಿಕ್ಕುವುದೇಕೆ? ಪಟ್ಟಿಯ ಕೋಡು ಬರೆದುಕೊಂಡು, ಅವರಿಗೆ ತಿಳಿಸದೆ, ಮುಂಬಯಿಯಿಂದ ಪೂರ್ತಿ ರಿಪೇರಿ ಕಿಟ್ ತರಿಸಿದೆ. ಪ್ಲೇಟು, ಸೀಲು, ರಿಂಗು, ಗ್ಯಾಸ್ಕೆಟ್ಟು, ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲೇಬಲ್ ಅಂಟಿಸಿ ಬಂತು. ಎಂಥ ನೀಟ್! ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಮಿಸ್ತ್ರಿ ಕೈ ಒರೆಸಿಕೊಂಡು ಡಬ್ಬಿಯಿಂದ ಆ ತಟ್ಟೆಯಂಚಿಗೆ ಕೂಡುವ ಗ್ಯಾಸ್ಕೆಟ್ ತೆಗೆದರು. ಕಿಸೆಯಿಂದ ತಮ್ಮ ಪೇಪರು ತೆಗೆದು ಅದರ ಮೇಲೆ ಹಾಸಿದರು. "ಎಣಸ್ರಿ," ಅಂದರು. ಎಣಿಸಿದೆ. ಗ್ಯಾಸ್ಕೆಟ್ಟಿಗೆ ಹದಿನೇಳು ತೂತು. ಪೇಪರಿಗೆ ಹದಿನಾಲ್ಕು.

"ಅಳಿಯ ಬ್ಯಾರೆ ಮನಿಗೆ ಬಂದಾನ್ರಿ," ಅಂದರು.

ನಾನು ನಂಬಲಿಲ್ಲ. ಬಾಗಿಲ ಪಟ್ಟಿ ತೋರಿಸಿದೆ. ಓದಿ ಹೇಳಿದೆ, ಜೋರಾಗಿ. ಅವರು ಬಾಗಿಲ ಮೇಲೆ ಬಡಿದರು. "ಇದು ಬಾಗಲದ ಹೆಸರ್ರಿ ಬಾಯಾರ. ಆ ಕಂಪನಿಯವ್ರು ಒಮ್ಮೆ ಗೇರ್‌ಬಾಕ್ಸ್ ಬದಲಿ ಮಾಡ್ಯಾರ. ಬಾಗಲಕ್ಕ ಹ್ಯಾಂಗ ಖಬರಿರಬೇಕು? ಹೊಟ್ಟಿಯೊಳಗ ಏನದ ಅಂತ ಹೊಟ್ಟೀನೇ ಕೇಳಬೇಕು."

"ಅದನ್ನ ಮೊದಲೇ ಹೇಳಾಕ ಏನಾಗಿತ್ತು ನಿಮಗ?"

"ನೀವು ಕೇಳಿದ್ರೇನು? ನೀವು ಡೇಟ್ ಕೇಳತಿದ್ರಿ."

ಅಂದು ನಾನು ಆ ಶೆಡ್ಡಿನಲ್ಲಿ ಕೂಗಾಡಿದ್ದು ಪಕ್ಕದ ಟೈರಿನ ಅಂಗಡಿಗೂ ಕೇಳಿಸಿರಬೇಕು. ಜಗಳಾ ಮಾಡೂ ಬಾಯಿ ಅಂತ ಹೆಸರು ಬಿದ್ದದ್ದು ಆವತ್ತೇ. ಕಿಟ್ಟು ವಾಪಸ್ ಹೋಗಿ ಬರುವುದರಲ್ಲಿ ಇನ್ನೊಂದು ತಿಂಗಳು ನೀರಿನಂತೆ ಹರಿಯಿತು. ಈ ಸಲ ನಾನು ಕಳಿಸಿದ್ದು ಕೋಡಲ್ಲ. ಅವರು ತಿಕ್ಕಿದ ಪೇಪರಿನ ಫೋಟೋ, ಪಕ್ಕದಲ್ಲಿ ಸ್ಕೇಲಿಟ್ಟು.

ಸರಿಯಾದ ಪ್ಲೇಟುಗಳು ಬಂದ ಮೇಲೂ ಗೋಳು ತಪ್ಪಲಿಲ್ಲ. ಅವರಿಗೆ ಅಂತ ನಾನು ರೊಟ್ಟಿ, ಪುಂಡಿಪಲ್ಯ ಒಯ್ದಿದ್ದ ಸ್ಟೀಲ್ ಡಬ್ಬಿ ವಾಪಸ್ ಬರಲಿಲ್ಲ. ಮುಂದಿನ ವಾರ ಹೋಗಿ ನೋಡಿದರೆ ನನ್ನ ಡಬ್ಬಿಯ ತುಂಬ ದಾಳಿಂಬೆ ರಸದ ಬಣ್ಣದ ಗೇರ್ ಎಣ್ಣೆ, ಅದರಲ್ಲಿ ಪ್ಲೇಟುಗಳು ಮುಳುಗಿ ಕೂತಿವೆ.

"ಮಿಸ್ತ್ರಿ! ಅದು ಊಟದ ಡಬ್ಬಿ!"

"ಇವೂ ಉಣ್ಣಾಕತ್ತಾವ್ರಿ. ಒಣಾ ಪ್ಲೇಟ ಹಾಕಿದ್ರ ಪಹಿಲೇ ದಿನಾನೇ ಸುಡತಾವ. ನಿಮ್ಮ ಡಬ್ಬಿ ಬರಾಬರ್ ಸೈಜ್ ಇತ್ತು." ಡಬ್ಬಿಯ ಮುಚ್ಚಳ ಹಾಕುತ್ತ, "ಪಲ್ಯ ಛಲೋ ಆಗಿತ್ತು. ಉಪ್ಪ ಕಮ್ಮಿ," ಅಂದರು. ಹೀಗೆ ಮಾಡಿದರೆ ಒಬ್ಬ ಮನುಷ್ಯನ ಮೇಲೆ ನೆಟ್ಟಗೆ ಸಿಟ್ಟಾದರೂ ಹೇಗೆ ಮಾಡುವುದು?

ಕೊನೆಗೆ ಎಲ್ಲ ಕೂತಿತು. ನಾಲ್ಕು ತೂತಿಗೂ ಗಾಳಿ ಹಿಡಿದರು. ಧಬ್, ಧಬ್, ಧಬ್, ಧಬ್. ನಾನು ಚಪ್ಪಾಳೆ ತಟ್ಟಿದೆ. ಅವರು ನಗಲಿಲ್ಲ. ಗೇರ್‌ಬಾಕ್ಸನ್ನು ಎತ್ತರಕ್ಕೆ ನಿಲ್ಲಿಸಿ, ಮಧ್ಯದ ದಂಡವನ್ನು ಹಿಡಿದು ಮೇಲೆ ಎಳೆದು ಕೆಳಗೆ ಬಿಟ್ಟರು. ಟಕ್. ಮತ್ತೆ ಎಳೆದರು. ಟಕ್.

"ಸದ್ದ ಜಾಸ್ತಿ ಅದ. ಒಳಗ ಒಂದ ವೈಸರ್ ತೆಳ್ಳಗಾಗ್ಯದ."

"ವಾಷರ್," ಅಂದೆ, ಅಭ್ಯಾಸದಿಂದ.

"ಹೆಸರ ಶುದ್ಧ ಹೇಳಿದ್ರ ದಪ್ಪ ಆಗತದೇನ್ರಿ?"

ಆ ದಂಡಕ್ಕೆ ಕೂದಲೆಳೆಯಷ್ಟು ಆಡಲು ಜಾಗ ಬೇಕು. ಹೆಚ್ಚಾದರೆ ಬಡಿಯುತ್ತದೆ, ಕಡಿಮೆಯಾದರೆ ಬಿಗಿದು ಸುಡುತ್ತದೆ. ಆ ಜಾಗವನ್ನು ಗೊತ್ತು ಮಾಡುವುದು ಬಳೆಯಂಥ ಒಂದು ವಾಷರಿನ ದಪ್ಪ. ಕಿಟ್ಟಿನಲ್ಲಿದ್ದದ್ದು ದಪ್ಪವಾಯಿತು, ಹಳೆಯದು ತೆಳುವಾಯಿತು. ಅವರ ತಗಡಿನ ಡಬ್ಬಿಯಲ್ಲಿ ನೂರಾರಿದ್ದವು. ಒಂದೊಂದೇ ಹಾಕಿ, ಎಳೆದು, ಕಿವಿಗೊಟ್ಟು, ತೆಗೆದರು. ಎರಡು ದಿನ. ಮೂರನೆಯ ದಿನ ನನಗೆ ಅಳುವುದೊಂದೇ ಬಾಕಿ. "ಮಿಸ್ತ್ರಿ, ಸಂಕ್ರಾಂತಿಗೆ ಆರು ದಿನಾ ಅದ. ತಮ್ಮ ಹೊಲಕ್ಕ ಬ್ಯಾರೆಯವರನ್ನ ಕರಕೊಂಡು ಬರಾಕತ್ತಾನ. ಒಮ್ಮೆ ಬ್ಯಾರೆಯವರ ಕೈಗೆ ಹೋತಂದ್ರ ನಾ ಮತ್ತ ಮನ್ಯಾಗ ಕೂಡಾಕಿ. ಪರ್‌ಫೆಕ್ಟ್ ಬ್ಯಾಡ್ರಿ ನನಗ. ಗಾಡಿ ಹೋದ್ರ ಸಾಕು."

ಅವರು ಬಹಳ ಹೊತ್ತು ನನ್ನ ಕೋಲು ನೋಡುತ್ತ ಕೂತರು. ಆಮೇಲೆ ಎದ್ದು, ಒಡೆದ ಕನ್ನಡಿಯ ಚೂರೊಂದರ ಮೇಲೆ ಎಮರಿ ಪೇಪರ್ ಹಾಸಿ, ದಪ್ಪ ವಾಷರನ್ನು ಅದರ ಮೇಲಿಟ್ಟು ಸುತ್ತ ಸುತ್ತ ತಿಕ್ಕತೊಡಗಿದರು. ಮಧ್ಯಾಹ್ನದ ತನಕ ತಿಕ್ಕಿದರು. ಹಾಕಿ ಎಳೆದರು. ಟಿಕ್. ಗೋಡೆಗಡಿಯಾರದಷ್ಟು ಸಣ್ಣಗೆ.

ಅವರ ಮುಖದಲ್ಲಿ ಖುಷಿಯಿರಲಿಲ್ಲ. ಜೀವನದಲ್ಲಿ ಮೊದಲ ಸಲ ಕಾಪಿ ಹೊಡೆದ ಹುಡುಗನ ಮುಖ. "ಮ್ಯಾಲಿನ ಗಟ್ಟಿ ತೊಗಲ ತಿಕ್ಕಿ ತಗದೀನ್ರಿ. ಈಗ ಕೂತದ, ಖರೆ ಸವೀತದ. ಇದು ಮೆಹಮಾನ. ಖರೇದ್ದು ಸಿಕ್ಕ ದಿನಾ ನಾ ಹೇಳತೀನಿ, ನೀವು ಗಾಡಿ ತರಬೇಕು."

"ತರ್ತೀನಿ, ಪ್ರಾಮಿಸ್," ಅಂದೆ. ಆಗ ಏನು ಕೇಳಿದರೂ ಪ್ರಾಮಿಸ್ ಮಾಡುತ್ತಿದ್ದೆ.

ಸಂಕ್ರಾಂತಿಗೆ ಎರಡು ದಿನ ಮೊದಲು ನಾನೇ ಓಡಿಸಿಕೊಂಡು ಬಂದೆ. ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ಹೊರಳುವ ತನಕ ಅವರು ಪಕ್ಕದಲ್ಲಿ ಕೂತಿದ್ದರು. ರಸ್ತೆ ನೋಡಲಿಲ್ಲ, ನನ್ನ ಡ್ರೈವಿಂಗನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ ಗೇರು ಬದಲಾಗುವುದನ್ನು ಎಣಿಸುತ್ತಿದ್ದರು. ನಾನು ಸೀದಾ ನಾರಾಯಣಪುರಕ್ಕೆ ಹೋದೆ. ತಮ್ಮ ಯಾರೋ ಇಬ್ಬರಿಗೆ ಪೇರಲ ಗಿಡ ತೋರಿಸುತ್ತ ನಿಂತಿದ್ದ. ನಾನು ಹಾರ್ನ್ ಬಾರಿಸಿದೆ, ಬೇಕಾದ್ದಕ್ಕಿಂತ ಉದ್ದಕ್ಕೆ.

ಮೆಹಮಾನ ಏಳು ವರ್ಷಕ್ಕೂ ಮಿಕ್ಕಿ ಇದ್ದ. ಈ ಬೇಸಿಗೆಯಿಂದ ರಿವರ್ಸಿನಿಂದ ಮುಂದಕ್ಕೆ ಹಾಕುವಾಗ ಗಾಡಿಯ ಹೊಟ್ಟೆಯೊಳಗೆ ಒಂದು ಟಕ್. ಮೊದಲು ದಿನಕ್ಕೊಮ್ಮೆ, ಈಗ ಪ್ರತಿ ಸಲ. ಫೋನ್ ಮಾಡಿದ್ದು ಅದಕ್ಕೇ. ಸುದ್ದಿ ಕೇಳಿದ ಮೇಲೆ ಹುಮನಾಬಾದಿಗೆ ಹೋಗಿ ಬಂದೆ. ಶೆಡ್ಡಿಗೆ ಬೀಗ. ಸೊಸೆ ಆ ತಗಡಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟಳು. "ನಿಮಗ ಬೇಕಾದ್ದು ಇದರಾಗ ಅದ ಏನೋ ನೋಡ್ರಿ. ನಮಗೇನ ತಿಳೀತದ." ನೂರಾರು ವಾಷರು, ಎಲ್ಲ ಒಂದೇ ಥರ. ತಳದಲ್ಲಿ ಒಂದೇ ಒಂದು ಮಾತ್ರ ಕಾಗದದಲ್ಲಿ ಸುತ್ತಿತ್ತು. ಎಣ್ಣೆಗೆ ಹಳದಿಯಾದ ಹಳೆಯ ಪೇಪರು. ಬಿಡಿಸಿದೆ. ತಟ್ಟೆಯ ಅಂಚಿನ ಕಪ್ಪು ಗೆರೆ, ಬೋಲ್ಟಿನ ತೂತು. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದೆ.

ಈಗ ಆ ವಾಷರು ನನ್ನ ಹತ್ತಿರ ಇದೆ. ಸರಿಯಾದ ಪಾರ್ಟು ಕೈಯಲ್ಲಿದೆ, ಅದನ್ನು ಕೂಡಿಸಿ ಕಿವಿಗೊಡುವವರು ಇಲ್ಲ. ಹೇಳಿ, ಇದಕ್ಕಿಂತ ರೇಗಿಸುವ ಸಂಗತಿ ಬೇರೆ ಏನಿದೆ? ಹೈದರಾಬಾದಿನವನೊಬ್ಬ ಮುಂದಿನ ವಾರ ಬಂದು ನೋಡುತ್ತೇನೆ ಅಂದಿದ್ದಾನೆ. ಬಂದವನು ಬಾಗಿಲ ಪಟ್ಟಿ ಓದಿದರೆ ಚಹಾ ಕೊಟ್ಟು ವಾಪಸ್ ಕಳಿಸುತ್ತೇನೆ. ತಮ್ಮ ಮತ್ತೆ ಲೀಸಿನ ಮಾತು ತೆಗೆದಿದ್ದಾನೆ. ಈಗ ನನಗೂ ಎಪ್ಪತ್ತೆಂಟು.

ಆ ವಾಷರನ್ನು ನಾನು ಮೊದಲು ನೋಡಿದ್ದು ಅವರ ಅಂಗೈಯಲ್ಲಿ, ಗಾಡಿ ರಿಪೇರಿಯಾದ ಮರುವರ್ಷದ ಚಳಿಗಾಲದಲ್ಲಿ. ಮುಂಜಾನೆ, ಕಲ್ಯಾಣದಲ್ಲಿ ನಮ್ಮ ಮನೆಯ ಮುಂದೆ. ನಾನು ಗಾಡಿ ಚಾಲೂ ಮಾಡಿ ಹೊಲಕ್ಕೆ ಹೊರಟಿದ್ದೆ. ಹಣ್ಣು ಕೀಳುವ ಹೆಂಗಸರು ಕಾಯುತ್ತಿದ್ದರು. ಮಿಸ್ತ್ರಿ ಬಸ್ಸಿನಿಂದ ಇಳಿದು ನಡೆದು ಬಂದು ಕಿಟಕಿಯ ಹತ್ತಿರ ನಿಂತರು. ಕಿಸೆಯಿಂದ ಪೇಪರು ತೆಗೆದು ಬಿಡಿಸಿದರು.

"ಸಿಕ್ಕತ್ರಿ ಬಾಯಾರ. ಹನ್ನೆರಡ ತಿಂಗಳ ಹುಡುಕೀನಿ. ಗಾಡಿ ತರ್ರಿ, ಮೆಹಮಾನಗ ಕಳಸೂಣು."

"ಮತ್ತ ಪೂರಾ ಬಿಚ್ಚಬೇಕೇನು?"

"ಪೂರಾ."

"ಎಷ್ಟ ದಿನಾ?"

"ನೋಡೂಣ್ರಿ."

ಆ ನೋಡೂಣ್ರಿ! ನಾಲ್ಕು ತಿಂಗಳ ಬಸ್ಸು, ಕೋಲು, ಸುಸ್ಸ್, ಎಲ್ಲ ಒಮ್ಮೆಲೇ ನೆನಪಾಯಿತು. "ಛಲೋ ಓಡೂ ಗಾಡಿ ಬಿಚ್ಚೂದು ಯಾವ ಕಾಮನ್ ಸೆನ್ಸ್ ಮಿಸ್ತ್ರಿ? ಸೀಸನ್ ನಡದದ. ಆಮ್ಯಾಲ ನೋಡೂಣು," ಅಂದೆ. ಅವರದೇ ಮಾತನ್ನು ಅವರಿಗೆ ತಿರುಗಿ ಕೊಟ್ಟೆನೆಂಬ ಸಣ್ಣ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. "ಅದನ್ನ ನನ್ನ ಕಡೆ ಕೊಟ್ಟ ಹೋಗ್ರಿ. ಇಟ್ಟಿರ್ತೀನಿ."

"ಬ್ಯಾಡ್ರಿ. ನಿಮ್ಮ ಮನ್ಯಾಗ ಇದು ಅಳಿಯ ಆಗಿ ಕೂಡತದ. ನನ್ನ ಬಲ್ಲಿ ಇರಲಿ. ನೀವು ಬರ್ರಿ." ಮತ್ತೆ ಪೇಪರಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. ಬೇಜಾರಾಗಿತ್ತೋ ಇಲ್ಲವೋ, ಆ ಮುಖದಲ್ಲಿ ತಿಳಿಯುತ್ತಿರಲಿಲ್ಲ.

ಬಸ್ ಸ್ಟ್ಯಾಂಡು ನನ್ನ ದಾರಿಯಲ್ಲೇ ಇತ್ತು. ಹತ್ತಿಸಿಕೊಳ್ಳಬಹುದಿತ್ತು, ಹೊಳೆಯಲಿಲ್ಲ. ಗಾಡಿಯನ್ನು ಡ್ರೈವಿಗೆ ಹಾಕಿ ಹೊರಟೆ. ಓಣಿಯ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ. ಅಲ್ಲೇ ನಿಂತಿದ್ದರು. ಕೈ ಬೀಸಿದೆ. ಅವರು ಬೀಸಲಿಲ್ಲ, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ತಲೆಯನ್ನು ಒಂದು ಕಡೆ ಓರೆ ಮಾಡಿ, ಗಾಡಿ ಎರಡನೆಯ ಗೇರಿಗೆ ಬೀಳುವುದನ್ನು ಕೇಳುತ್ತಿದ್ದರು.